ಎಡ, ಬಲ

ಮೊನ್ನೆ ಕಪಾಟು ಸರಿಮಾಡುವಾಗ ಬಟ್ಟೆಗಳ ಅಡಿಯಿಂದ ಆ ನೋಟ್‌ಬುಕ್ಕು ಹೊರಗೆ ಬಂತು. ನೀಲಿ ರಟ್ಟಿನದು. ರಟ್ಟಿನ ಮೇಲೆ ಒಣಗಿದ ಹಾಲಿನ ಕಲೆ. ಒಂದು ಮೂಲೆಯಲ್ಲಿ ಮಗಳ ಎರಡು ಕೆಳಹಲ್ಲಿನ ಗುರುತು. ನಾಡಿದ್ದಿಗೆ ಅವಳಿಗೆ ಒಂದು ವರ್ಷ ತುಂಬುತ್ತದೆ. ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು. ಎಲ್ಲ ಬಿಟ್ಟು ನೆಲದ ಮೇಲೆ ಕೂತು ಮೊದಲ ಪುಟ ತೆಗೆದೆ.

"ರಾತ್ರಿ 1.10 – ಎಡ, 12 ನಿಮಿಷ. ಉಚ್ಚೆ. 2.40 – ಬಲ, 20 ನಿಮಿಷ. ಕಕ್ಕಿದಳು. 3.25 – ಮತ್ತೆ ಎಡ. ನಿದ್ದೆ ಇಲ್ಲ. 5.00 – ಬಲ."

ಇಷ್ಟೇ. ಪುಟಗಟ್ಟಲೆ ಇದೇ. ಎಡ, ಬಲ, ಎಡ, ಬಲ. ಹಾಲೂಡಿಸಿದವರಿಗೆ ಈ ಎರಡು ಪದ ಏನು ಅಂತ ಹೇಳಬೇಕಾಗಿಲ್ಲ. ಹಿಂದಿನ ಸಲ ಯಾವ ಕಡೆ ಕುಡಿಸಿದ್ದೆ ಅನ್ನೋದು ಆ ದಿನಗಳಲ್ಲಿ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೆ.

ಬರೆಯೋದಕ್ಕೆ ಹೇಳಿದ್ದು ಆಸ್ಪತ್ರೆಯ ನರ್ಸಮ್ಮ. ಹುಟ್ಟಿದ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯಬೇಕು, ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡಬೇಕು, ಸುಮ್ನೆ ಒಂದು ಕಡೆ ಬರೆದಿಡಿ ಅಂದರು. ಹೊಟ್ಟೆಗೆ ಎಷ್ಟು ಹೋಯಿತು ಅಂತ ಎದೆಹಾಲಿನಲ್ಲಿ ಅಳತೆ ಕಾಣೋದಿಲ್ಲ. ಹೊರಗೆ ಬಂದಿದ್ದನ್ನು ನೋಡಿಯೇ ಒಳಗೆ ಹೋಗಿದ್ದನ್ನು ತಿಳಿಯಬೇಕು. ಅವರು ಹೇಳಿದ್ದು ಎರಡು ವಾರದ ಮಟ್ಟಿಗೆ. ನಾನು ಆರು ತಿಂಗಳು ಬರೆದೆ.

ಯಾಕೆ ಅಂದರೆ ನನಗೆ ಹೆದರಿಕೆಯಾಗಿತ್ತು. ಹುಟ್ಟಿದಾಗ ಅವಳ ತೂಕ 3 ಕಿಲೋ 100 ಗ್ರಾಂ. ನಾಲ್ಕನೇ ದಿನ 2 ಕಿಲೋ 860. ಮೊದಲ ದಿನಗಳಲ್ಲಿ ಮಕ್ಕಳ ತೂಕ ನೂರಕ್ಕೆ ಏಳರಷ್ಟು, ಕೆಲವೊಮ್ಮೆ ಹತ್ತರವರೆಗೂ ಇಳಿಯುತ್ತದೆ, ಎರಡು ವಾರದೊಳಗೆ ಸಾಮಾನ್ಯವಾಗಿ ವಾಪಸು ಬರುತ್ತದೆ ಅಂತ ಡಾಕ್ಟರ್ ಸಮಾಧಾನವಾಗಿಯೇ ಹೇಳಿದ್ದರು. ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು "ಇಳಿದಿದೆ" ಅನ್ನುವ ಒಂದೇ ಪದ. ಅದರ ಮೇಲೆ ನೋಡಲು ಬಂದ ಹಿರಿಯರೊಬ್ಬರು ಮಗುವಿನ ಕಾಲು ಮುಟ್ಟಿ, "ಹಾಲು ಸಾಲ್ತಾ ಇಲ್ಲ ಅನ್ಸುತ್ತೆ ಕಣಮ್ಮ" ಅಂದುಬಿಟ್ಟರು. ಅವರು ಮನೆಗೆ ಹೋಗಿ ಆ ಮಾತನ್ನು ಮರೆತಿರಬಹುದು. ನಾನು ಮರೆಯಲಿಲ್ಲ. ಬಾಣಂತಿಯ ಮುಂದೆ ಆಡಬಾರದ ಮಾತು ಅಂತ ಒಂದಿದ್ದರೆ ಅದೇ.

ಹಾಲು ಹೇಗೆ ಬರುತ್ತದೆ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ಎರಡು ಮೂರು ದಿನ ಬರೋದು ಹಳದಿ ಬಣ್ಣದ, ಗಟ್ಟಿಯಾದ, ಸ್ವಲ್ಪವೇ ಸ್ವಲ್ಪ ಹಾಲು. ಹುಟ್ಟಿದ ಕೂಸಿನ ಹೊಟ್ಟೆ ಎಷ್ಟು ದೊಡ್ಡದಿರುತ್ತೆ ಹೇಳಿ, ಅಷ್ಟೇ ಸಾಕು ಅದಕ್ಕೆ. ಆಮೇಲೆ ಎದೆ ಕಲ್ಲಿನಂತೆ ಬಿಗಿದು ಹಾಲು ಇಳಿಯುತ್ತದೆ. ಖಾಲಿಯಾದಷ್ಟೂ ತುಂಬುತ್ತದೆ. ಸಾಲದು ಅಂತ ಹೆದರಿ ಕುಡಿಸೋದು ಕಡಿಮೆ ಮಾಡಿದರೆ ಮೈಯೂ ಹಾಲು ಮಾಡೋದು ಕಡಿಮೆ ಮಾಡುತ್ತದೆ. ಇನ್ನೊಂದು, ಮಗು ಬರೀ ತೊಟ್ಟನ್ನಷ್ಟೇ ಕಚ್ಚಿಕೊಂಡರೆ ಜೀವ ಹೋಗುವಷ್ಟು ನೋವು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಅದೇ ನರ್ಸಮ್ಮ ನನ್ನ ಪಕ್ಕ ಕೂತು, ಮಗುವಿನ ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ತಲೆಯನ್ನಲ್ಲ, ಇಡೀ ಮೈಯನ್ನು ನನ್ನ ಕಡೆ ತಂದು ತೋರಿಸಿಕೊಟ್ಟರು. ಹತ್ತೇ ನಿಮಿಷದ ಕೆಲಸ. ಆ ಹತ್ತು ನಿಮಿಷ ಸಿಗದೇ ಹಾಲೂಡಿಸೋದನ್ನೇ ಬಿಟ್ಟವರು ಎಷ್ಟು ಜನ ಇರುತ್ತಾರೋ. ಅವರದೇನೂ ತಪ್ಪಲ್ಲ.

ಹದಿಮೂರನೇ ದಿನದ ಪುಟದಲ್ಲಿ "3.180" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿದಿದೆ.

ಆ ಪುಟಗಳ ಅಕ್ಷರ ನೋಡಿದರೆ ನನ್ನದು ಅಂತ ಅನಿಸೋದೇ ಇಲ್ಲ. ಕೆಲವು ಸಾಲು ಅರ್ಧಕ್ಕೆ ನಿಂತು ಗೆರೆಯಾಗಿ ಕೆಳಗೆ ಜಾರಿವೆ. ಬರೆಯುತ್ತಲೇ ನಿದ್ದೆ ಹೋಗಿರಬೇಕು. ಹುಟ್ಟಿದ ಮಕ್ಕಳಿಗೆ ರಾತ್ರಿ ಹಗಲು ಅನ್ನೋದಿಲ್ಲ. ದಿನಕ್ಕೆ 14ರಿಂದ 17 ಗಂಟೆ ಮಲಗುತ್ತವೆ ಅಂತ ಓದಿ ಖುಷಿಪಟ್ಟಿದ್ದೆ. ಅದು ತುಂಡು ತುಂಡಾಗಿ ಅಂತ ಆಮೇಲೆ ಗೊತ್ತಾಯಿತು. ಬೆಳಕು ಕತ್ತಲೆಗೆ ಮೈ ಹೊಂದಿಕೊಳ್ಳಲು ಎರಡು ಮೂರು ತಿಂಗಳಾದರೂ ಬೇಕು.

ಆದರೂ ಆ ರಾತ್ರಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಸ ಕೂಸಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಅದರಾಚೆ ಎಲ್ಲ ಮಸುಕು. ಎದೆಗೆ ಹಾಕಿಕೊಂಡಾಗ ಅವಳ ಕಣ್ಣಿಗೂ ನನ್ನ ಮುಖಕ್ಕೂ ಇರುವ ದೂರ ಹೆಚ್ಚು ಕಡಿಮೆ ಅಷ್ಟೇ. ನಡುರಾತ್ರಿ ಸಣ್ಣ ದೀಪದಲ್ಲಿ ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಕೋಣೆ ಇಲ್ಲ, ಗೋಡೆ ಇಲ್ಲ, ದೀಪವೂ ಸರಿಯಾಗಿ ಇಲ್ಲ. ಅವಳಿಗೆ ಕಾಣುವ ಲೋಕದಲ್ಲಿ ಇದ್ದದ್ದು ನನ್ನ ಮುಖ ಒಂದೇ. ಹಾಗೆ ನನ್ನನ್ನು ಈವರೆಗೆ ಯಾರೂ ನೋಡಿರಲಿಲ್ಲ. ಅವಳ ನೆತ್ತಿಯ ಮೆತ್ತನೆಯ ಜಾಗ ಉಸಿರಿನ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಮೂಳೆ ಇನ್ನೂ ಕೂಡಿಕೊಂಡಿರದ ಜಾಗ ಅದು. ಕೈ ಇಡಲು ಭಯವಾಗುತ್ತಿತ್ತು. ಮೂಗು ಇಟ್ಟು ಕೂರುತ್ತಿದ್ದೆ.

ಐದು ಮತ್ತು ಆರನೇ ವಾರದ ಪುಟಗಳಲ್ಲಿ ಹೊಸದೊಂದು ಪದ ಬರುತ್ತದೆ. "ಅಳು." 6.20ರಿಂದ 8.55. ಮರುದಿನ 5.40ರಿಂದ 9.10. ಹಾಲಲ್ಲ, ಡೈಪರಲ್ಲ, ಜ್ವರವಲ್ಲ, ಏನೂ ಅಲ್ಲ. ಸಂಜೆಯಾದರೆ ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಕಾಲು ಹೊಟ್ಟೆಗೆ ಎಳೆದುಕೊಂಡು ಅಳು. ಮಕ್ಕಳ ಅಳು ಸುಮಾರು ಆರನೇ ವಾರಕ್ಕೆ ಎಲ್ಲಕ್ಕಿಂತ ಜಾಸ್ತಿಯಾಗಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಎಷ್ಟೋ ಮಕ್ಕಳಲ್ಲಿ ಇದಕ್ಕೆ ಕಾರಣವೇ ಸಿಗೋದಿಲ್ಲ. ಇದು ಮೊದಲೇ ಗೊತ್ತಿದ್ದರೆ ನಾನು ನನ್ನನ್ನು ಅಷ್ಟು ಬೈದುಕೊಳ್ಳುತ್ತಿರಲಿಲ್ಲ.

ಒಂದು ಸಂಜೆ ಗಂಡ ಇನ್ನೂ ಬಂದಿರಲಿಲ್ಲ. ಎರಡು ಗಂಟೆ ಎತ್ತಿಕೊಂಡು ತಿರುಗಿ ನನ್ನ ತೋಳು ನಡುಗುತ್ತಿತ್ತು. ನಡುಕ ತೋಳಿನದಷ್ಟೇ ಅಲ್ಲ, ಸಿಟ್ಟಿನದೂ ಇತ್ತು. ಅದು ಗೊತ್ತಾದ ಕ್ಷಣ ಅವಳನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಐದು ನಿಮಿಷ. ಅಳುವ ಕೂಸನ್ನು ಬಿಟ್ಟು ಬಂದವಳು ಎಂಥ ತಾಯಿ ಅನಿಸಿತು. ಮುಂದಿನ ಭೇಟಿಯಲ್ಲಿ ತಲೆ ತಗ್ಗಿಸಿಕೊಂಡು ಡಾಕ್ಟರ್ ಹತ್ತಿರ ಹೇಳಿದೆ. "ನೀವು ಮಾಡಿದ್ದೇ ಸರಿ. ಕೈ ಮೀರುತ್ತಿದೆ ಅನಿಸಿದರೆ ಯಾವಾಗಲೂ ಹಾಗೇ ಮಾಡಿ" ಅಂದರು. ಸಿಟ್ಟಿನಲ್ಲಿ ಒಂದು ಸಲ ಜೋರಾಗಿ ಅಲುಗಾಡಿಸಿದರೂ ಸಾಕು, ಆ ಪುಟ್ಟ ತಲೆಯೊಳಗೆ ರಕ್ತ ಸೋರಬಹುದು. ತೊಟ್ಟಿಲಲ್ಲಿ ಐದು ನಿಮಿಷ ಅತ್ತರೆ ಏನೂ ಆಗೋದಿಲ್ಲ. ಇದನ್ನು ಓದುತ್ತಿರುವ ಯಾವಳೋ ಒಬ್ಬ ತಾಯಿಗೆ ಇವತ್ತೇ ಈ ಮಾತು ಬೇಕಾಗಿರಬಹುದು. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಏಳನೇ ವಾರ, ಮಂಗಳವಾರ, ಬೆಳಿಗ್ಗೆ 7.15. "ನಕ್ಕಳು. ನನ್ನನ್ನು ನೋಡಿಯೇ ನಕ್ಕಳು." ಅದಕ್ಕೂ ಮೊದಲು ನಿದ್ದೆಯಲ್ಲಿ ತುಟಿ ಅರಳಿಸುತ್ತಿದ್ದಳು. ಇದು ಬೇರೆ. ಕಣ್ಣು ಮೊದಲು ನಕ್ಕಿತು.

ಇದಾದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆಯುವ ಆಸೆ. ಆದರೆ ನೋಟ್‌ಬುಕ್ಕು ಹಾಗೆ ಹೇಳೋದಿಲ್ಲ. ಮೂರನೇ ತಿಂಗಳಲ್ಲಿ ಒಂಬತ್ತು ದಿನ ಖಾಲಿ. ತಾರೀಕು ಹಾಕಿದ್ದೇನೆ, ಕೆಳಗೆ ಏನೂ ಇಲ್ಲ.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರೋದು ಬಹಳ ಜನರಿಗೆ ಆಗುತ್ತದೆ. ಎರಡು ವಾರದಲ್ಲಿ ಹೋಗುತ್ತದೆ. ನನಗೆ ಅದು ಆಗಿರಲೇ ಇಲ್ಲ. ನನ್ನದು ತಡವಾಗಿ ಬಂತು, ಅಳುವಿನ ರೂಪದಲ್ಲೂ ಬರಲಿಲ್ಲ. ಹಾಲು ಕೊಡುತ್ತಿದ್ದೆ, ಡೈಪರ್ ಬದಲಿಸುತ್ತಿದ್ದೆ, ತೇಗು ಬರುವವರೆಗೆ ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದೆ. ಎಲ್ಲ ಸರಿಯಾಗಿಯೇ ಮಾಡುತ್ತಿದ್ದೆ. ಆದರೆ ಇದು ಬೇರೆ ಯಾರದೋ ಮಗು, ಸ್ವಲ್ಪ ಹೊತ್ತು ನೋಡಿಕೋ ಅಂತ ಕೊಟ್ಟು ಹೋಗಿದ್ದಾರೆ, ಅದರ ತಾಯಿ ಇನ್ನೇನು ಬರುತ್ತಾಳೆ ಅನ್ನುವ ಹಾಗಿತ್ತು. ಅವಳು ನಕ್ಕರೆ ನನಗೂ ನಗಬೇಕು ಅಂತ ಗೊತ್ತಾಗುತ್ತಿತ್ತು. ನಗುತ್ತಿದ್ದೆ. ಮಗು ಮಲಗಿದಾಗಲೂ ನನಗೆ ನಿದ್ದೆ ಬರುತ್ತಿರಲಿಲ್ಲ.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಮಗುವನ್ನು ನೋಡಿ ಮುಗಿಸಿ ಒಂದು ಕಾಗದ ನನ್ನ ಕೈಗೆ ಕೊಟ್ಟರು. ಹತ್ತು ಪ್ರಶ್ನೆ. ಕಳೆದ ಏಳು ದಿನದಲ್ಲಿ ನಿಮಗೆ ಹೇಗನಿಸಿತು ಅನ್ನೋದಷ್ಟೇ. ಅದು 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನ ಹೆಸರಿನಲ್ಲಿ ಬಂದ ಪ್ರಶ್ನಾವಳಿ, ಈಗ ಎಷ್ಟೋ ದೇಶಗಳಲ್ಲಿ ಬಾಣಂತಿಯರಿಗೆ ಕೊಡುತ್ತಾರೆ ಅಂತ ಆಮೇಲೆ ತಿಳಿಯಿತು. ನಾಲ್ಕನೇ ಪ್ರಶ್ನೆ ತುಂಬುವಾಗ ಕೈ ನಿಂತಿತು. ಅವತ್ತು ಸಂಜೆ ಗಂಡನ ಹತ್ತಿರ ಎಲ್ಲ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಇವತ್ತಿಂದ ರಾತ್ರಿ ಹತ್ತರಿಂದ ಮೂರರವರೆಗೆ ಪಾಪು ನನ್ನದು. ನೀನು ಆ ಕೋಣೆಯಲ್ಲಿ ಮಲಗು" ಅಂದ. ಹಾಲು ತೆಗೆದಿಡುವ ಪಂಪು ಬಂತು. ಐದು ಗಂಟೆ ಒಟ್ಟಿಗೆ ನಿದ್ದೆ. ವಾರಕ್ಕೊಮ್ಮೆ ಒಬ್ಬರು ಆಪ್ತಸಲಹೆಗಾರರ ಎದುರು ಕೂತು ಮಾತು. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ, ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ನನಗೆ ಬೇಕಾಗಲಿಲ್ಲ. ಬೇಕಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರಿಗೆಯಾದ ನೂರು ಹೆಂಗಸರಲ್ಲಿ ಸುಮಾರು 13 ಮಂದಿಗೆ ಇಂಥ ಮನಸ್ಸಿನ ಕಾಯಿಲೆ ಬರುತ್ತದೆ, ಅದರಲ್ಲಿ ಜಾಸ್ತಿ ಖಿನ್ನತೆಯೇ. ನೂರಕ್ಕೆ ಹದಿಮೂರು ಅಂದರೆ ನಮ್ಮೆಲ್ಲರ ಪರಿಚಯದಲ್ಲೂ ಒಬ್ಬಳಾದರೂ ಇರುತ್ತಾಳೆ ಅಲ್ವಾ? ಮಗು ನೋಡಲು ಹೋದವರು ಮಗು ಯಾರ ಹಾಗಿದೆ, ತೂಕ ಎಷ್ಟು, ರಾತ್ರಿ ಮಲಗುತ್ತಾ ಅಂತ ಕೇಳುತ್ತೇವೆ. ಪಕ್ಕದಲ್ಲೇ ಕೂತವಳನ್ನು "ನೀನು ಮಲಗಿದ್ಯಾ?" ಅಂತ ಕೇಳೋದಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಈಗ ಮೊದಲು ಅದನ್ನೇ ಕೇಳುತ್ತೇನೆ.

ಆ ಒಂಬತ್ತು ಖಾಲಿ ದಿನಗಳಾದ ಮೇಲೆ, ಹತ್ತನೇ ದಿನದ ಪುಟದಲ್ಲಿ ಮತ್ತೆ ಬರವಣಿಗೆ ಶುರುವಾಗಿದೆ. ಆದರೆ ಅದು ಗಂಡನ ಅಕ್ಷರ. "ರಾತ್ರಿ 12.30 – ಬಾಟಲಿ. ಚೆನ್ನಾಗಿ ಕುಡಿದಳು. ನೀನು ಮಲಗಿದ್ದೀಯ."

ನಾಲ್ಕನೇ ತಿಂಗಳಲ್ಲಿ ತಲೆಗೂದಲು ಮುಷ್ಟಿಗಟ್ಟಲೆ ಉದುರಿತು. ಬಸಿರಿನಲ್ಲಿ ಉದುರದೆ ನಿಂತಿದ್ದ ಕೂದಲು ಒಟ್ಟಿಗೆ ಉದುರುತ್ತದಂತೆ. ಮತ್ತೆ ಬಂತು.

ಆಮೇಲೆ ಹೋಲಿಕೆ ಶುರುವಾಯಿತು. ಇವಳಿಗಿಂತ ಹತ್ತು ದಿನ ಚಿಕ್ಕದಾದ ಒಂದು ಮಗು ನಾಲ್ಕೂವರೆ ತಿಂಗಳಿಗೇ ಬೋರಲು ಬಿತ್ತು. ಇವಳು ಆರನೇ ತಿಂಗಳು ಹಿಡಿದರೂ ಅಂಗಾತ ಮಲಗಿ ತನ್ನ ಕಾಲಬೆರಳು ನೋಡಿಕೊಂಡು ಖುಷಿಯಾಗಿದ್ದಳು. ಅವಳಿಗಿಲ್ಲದ ಅವಸರ ನನಗೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಒಂದು ಅಧ್ಯಯನ ಹೊರತಂದಿದೆ. ಭಾರತವೂ ಅದರಲ್ಲಿದೆ. ಆಸರೆಯಿಲ್ಲದೆ ನಡೆಯೋದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಬರಬಹುದು ಅನ್ನುತ್ತದೆ ಅದು. ಹೆಚ್ಚು ಕಡಿಮೆ ಒಂಬತ್ತು ತಿಂಗಳ ಅಂತರ. ಮಗು ಹೊಟ್ಟೆಯಲ್ಲಿರುವಷ್ಟು ಕಾಲ! ನೂರರಲ್ಲಿ ನಾಲ್ಕು ಮಕ್ಕಳು ಮಂಡಿಯೂರಿ ಅಂಬೆಗಾಲಿಡೋದೇ ಇಲ್ಲವಂತೆ. ನನ್ನ ಮಗಳು ಆ ನಾಲ್ವರಲ್ಲಿ ಒಬ್ಬಳು. ಹೊಟ್ಟೆಯ ಮೇಲೆ ತೆವಳಿದಳು, ಆಮೇಲೆ ಒಂದು ದಿನ ಮಂಚದ ಕಾಲು ಹಿಡಿದು ಎದ್ದು ನಿಂತಳು. ಬೆಳವಣಿಗೆಯಲ್ಲಿ ನಿಜವಾಗಿ ಏನೋ ಹಿಂದೆ ಬಿದ್ದಿದೆ ಅನಿಸಿದರೆ ಡಾಕ್ಟರನ್ನು ಕೇಳಬೇಕು, ಬೇಗ ಕೇಳಬೇಕು. ಪಕ್ಕದ ಮಗುವನ್ನು ನೋಡಿ ಅಳೆಯೋದು ಮಾತ್ರ ಬೇಡ. ಆ ಹೋಲಿಕೆಯಲ್ಲಿ ನಾನು ಒಂದಿಡೀ ತಿಂಗಳು ಕಳೆದೆ. ಅವಳು ತನ್ನ ಕಾಲಬೆರಳನ್ನು ಕಂಡುಹಿಡಿದ ತಿಂಗಳು ಅದು.

ಆರನೇ ತಿಂಗಳಿಂದ ಪುಟಗಳು ಖಾಲಿಯಾಗುತ್ತಾ ಹೋಗುತ್ತವೆ. ಈ ಸಲದ ಖಾಲಿ ಬೇರೆ ಥರದ್ದು. ಅಲ್ಲಿಯವರೆಗೆ ಎದೆಹಾಲು ಬಿಟ್ಟು ನೀರೂ ಕೊಟ್ಟಿರಲಿಲ್ಲ. ಈಗ ಮೊದಲ ತುತ್ತು. ಚಮಚ ಬಾಯಿಗಿಟ್ಟರೆ ನಾಲಿಗೆ ಎಲ್ಲವನ್ನೂ ಹೊರಗೆ ದೂಡುತ್ತಿತ್ತು. ಇಷ್ಟವಿಲ್ಲ ಅಂತಲ್ಲ, ಅಲ್ಲಿಯವರೆಗೆ ಅವಳ ನಾಲಿಗೆಗೆ ಗೊತ್ತಿದ್ದದ್ದು ಚೀಪೋದು ಮಾತ್ರ. ನುಂಗೋದನ್ನೂ ಕಲಿಯಬೇಕು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಗಲ್ಲದ ಮೇಲೆ, ಕಿವಿಯ ಹಿಂದೆ, ನನ್ನ ಕನ್ನಡಕದ ಮೇಲೆಲ್ಲ ಊಟ. ಎಷ್ಟು ತಿಂದಳು ಅಂತ ಬರೆಯಲು ಹೋಗಿ ಬಿಟ್ಟೆ. ಅಳೆಯುವುದು ಯಾವ ದಿನ ನಿಂತಿತು ಅಂತ ಗೊತ್ತಿಲ್ಲ. ನಿಂತ ಮೇಲೆ ಅವಳ ಮುಖವನ್ನು ಜಾಸ್ತಿ ಹೊತ್ತು ನೋಡತೊಡಗಿದೆ.

ಎಂಟನೇ ತಿಂಗಳಲ್ಲಿ ನಾನು ಕೆಲಸಕ್ಕೆ ಮರಳಿದೆ. ಅದೇ ಹೊತ್ತಿಗೆ ಅವಳು ನನ್ನನ್ನು ಒಂದು ಕ್ಷಣ ಬಿಡದಾದಳು. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು ಅಳು. ಕೆಲಸಕ್ಕೆ ಹೋದದ್ದರ ಶಿಕ್ಷೆ ಇದು ಅಂದುಕೊಂಡೆ. ಅಲ್ಲವೇ ಅಲ್ಲ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ತನ್ನ ಸ್ವಂತ ಮಕ್ಕಳನ್ನೇ ನೋಡುತ್ತಾ ಗಮನಿಸಿದ ಸಂಗತಿ ಇದು. ತೀರಾ ಚಿಕ್ಕ ಕೂಸಿನಿಂದ ಆಟಿಕೆಯನ್ನು ಮರೆಮಾಡಿದರೆ ಹುಡುಕೋದಿಲ್ಲ. ಸುಮಾರು ಎಂಟು ತಿಂಗಳಿಗೆ ಹೊದಿಕೆ ಎತ್ತಿ ಹುಡುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಅದು ಅಲ್ಲೆಲ್ಲೋ ಇದೆ ಅಂತ ಗೊತ್ತಾಗಿರುತ್ತದೆ. ಬಾಗಿಲಾಚೆ ಅಮ್ಮ ಇದ್ದಾಳೆ ಅಂತ ಗೊತ್ತಾದ್ದರಿಂದಲೇ ಆ ಅಳು. ಯಾವಾಗ ವಾಪಸು ಬರುತ್ತಾಳೆ ಅನ್ನೋದು ಇನ್ನೂ ಗೊತ್ತಿಲ್ಲ. ಆಮೇಲಿನಿಂದ ದಿನಾ ಟವೆಲ್ಲಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟ ಆಡಿದೆವು. ಹೋದೆ. ಬಂದೆ. ಹೋದೆ. ಬಂದೆ. ಪ್ರತಿ ಸಲವೂ ಅವಳಿಗೆ ಅದು ಹೊಸ ಸಂತೋಷ. ಕದ್ದು ಹೋಗೋದನ್ನು ಬಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಹೇಳಿಯೇ ಕೆಲಸಕ್ಕೆ ಹೊರಡತೊಡಗಿದೆ. ಅವಳು ಅತ್ತರೂ ಸರಿ.

ನಾನೂ ಬದಲಾಗಿದ್ದೇನೆ. 1973ರಲ್ಲಿ ಡಾನಾ ರಾಫೆಲ್ ಅನ್ನುವ ಮಾನವಶಾಸ್ತ್ರಜ್ಞೆ ಹೆಣ್ಣು ತಾಯಿಯಾಗಿ ಬದಲಾಗುವ ಕಾಲಕ್ಕೆ 'ಮೇಟ್ರೆಸೆನ್ಸ್' ಅಂತ ಒಂದು ಹೆಸರು ಕೊಟ್ಟಳು. ಹರೆಯ ಹೇಗೆ ಒಂದೇ ದಿನದಲ್ಲಿ ಬಂದು ಮುಗಿಯೋದಿಲ್ಲವೋ ಇದೂ ಹಾಗೇ. ಹೆರಿಗೆ ಕೋಣೆಯಲ್ಲಿ ಮಗು ಹುಟ್ಟುತ್ತದೆ, ತಾಯಿ ಹುಟ್ಟಲು ಇನ್ನಷ್ಟು ಕಾಲ ಬೇಕು. ಹದಿನಾಲ್ಕರ ಹುಡುಗಿ ಮುಂಗೋಪ ಮಾಡಿದರೆ ವಯಸ್ಸಿನದು ಅಂತ ಸುಮ್ಮನಾಗುತ್ತೇವೆ. ಹಸಿ ಬಾಣಂತಿಗೆ ಆ ರಿಯಾಯಿತಿ ಸಿಗೋದಿಲ್ಲ.

ಇನ್ನೊಂದು ವಿಷಯ ಓದಿದ ದಿನ ನಾನು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. 1996ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಗಂಡುಮಗು ಹೆತ್ತ ಒಬ್ಬ ತಾಯಿಯ ರಕ್ತದಲ್ಲಿ 27 ವರ್ಷದ ನಂತರವೂ ಆ ಕೋಶಗಳು ಸಿಕ್ಕವು. ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. ಕೋಶದ ಮಾತು ಹೇಳಲಿಲ್ಲ. "ಅಮ್ಮಾ, ನಾನು ಯಾವಾಗ ನಡೆದೆ?" ಅಂತ ಕೇಳಿದೆ.

"ಅಯ್ಯೋ, ಅದೆಲ್ಲಿ ನೆನಪಿದೆ ಕಣೇ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ನೆತ್ತಿ ವಾಸನೆ ಮಾತ್ರ ನೆನಪಿದೆ" ಅಂದಳು.

ನನ್ನ ಮಗಳಿಗೆ ಈ ವರ್ಷದ್ದು ಏನೂ ನೆನಪಿರೋದಿಲ್ಲ. ನಮಗೆ ಯಾರಿಗೂ ಇರೋದಿಲ್ಲ, ಮೂರು ವರ್ಷದ ಆಸುಪಾಸಿನಿಂದಲೇ ನೆನಪು ಶುರು. ನಡುರಾತ್ರಿಯ ಸಣ್ಣ ದೀಪ, ನಲ್ಲಿ ಬಿಟ್ಟುಕೊಂಡು ನಿಂತ ಅಮ್ಮ, ಹತ್ತರಿಂದ ಮೂರರವರೆಗೆ ಎದೆಯ ಮೇಲೆ ಮಲಗಿಸಿಕೊಂಡ ಅಪ್ಪ, ಇದ್ಯಾವುದೂ ಅವಳಿಗೆ ಗೊತ್ತಿರೋದಿಲ್ಲ. ಅಕ್ಷರ ಜಾರಿದ ಆ ಪುಟಗಳನ್ನು ನೋಡಿದರೆ ನನಗೂ ಅರ್ಧ ಮರೆತುಹೋಗಿದೆ. ನೋಟ್‌ಬುಕ್ಕು ಎಸೆಯಬೇಕು ಅಂತ ತೆಗೆದವಳು ಎಸೆಯಲಿಲ್ಲ. ಹಿಂದಿನಿಂದ ಎಷ್ಟೋ ಪುಟ ಇನ್ನೂ ಖಾಲಿ ಇವೆ.

ಕಳೆದ ವಾರ ತೂಕ ನೋಡಿದಾಗ 9 ಕಿಲೋ 200. ಹುಟ್ಟಿದ್ದರ ಹೆಚ್ಚು ಕಡಿಮೆ ಮೂರರಷ್ಟು. ಗೆರೆ ಎಳೆಯಬೇಕು ಅನಿಸಲಿಲ್ಲ.

ನಿನ್ನೆ ಸಂಜೆ ಅವಳು ಕುರ್ಚಿಯ ಅಂಚು ಹಿಡಿದು ನಿಂತಿದ್ದಳು. ನಾನು ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ, ಮಡಿಲಲ್ಲಿ ಇದೇ ನೋಟ್‌ಬುಕ್ಕು. ಬಾ ಅನ್ನಲಿಲ್ಲ, ಕೈ ಚಾಚಲಿಲ್ಲ, ಉಸಿರೂ ಬಿಡಲಿಲ್ಲ. ಅವಳು ನನ್ನನ್ನು ನೋಡಿದಳು. ಮೊದಲು ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು.

ರಾತ್ರಿ ಅವಳು ಮಲಗಿದ ಮೇಲೆ ಪೆನ್ನು ಹುಡುಕಿ, ಆರು ತಿಂಗಳ ಹಿಂದೆ ನಿಂತಿದ್ದ ಪುಟದ ಮುಂದಿನ ಸಾಲಿನಲ್ಲಿ ಬರೆದೆ.

"ಸಂಜೆ 5.50 – ಎಡ. ಬಲ. ಎಡ. ಕುಕ್ಕರಿಸಿ ಕೂತಳು. ಮತ್ತೆ ಎದ್ದಳು."